ಮಾಂತೇಶನ ತರ್ಜುಮೆ

ಗಂಗಾವತಿಯ ಬಸ್ ನಿಲ್ದಾಣದ ಹಿಂದೆ ರವಿಕೆ ಹೊಲಿಯುವ ಮಾಂತೇಶ ಹುಟ್ಟಿ ಬೆಳೆದದ್ದು ಕಾಲುವೆ ಕಡೆ, ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪಿನಲ್ಲಿ. ಹಾಗಾಗಿ ತೆಲುಗು ಅವನಿಗೆ ನೀರು ಕುಡಿದಷ್ಟು ಸಲೀಸು. ಚರ್ಚಿಗೆ ಆಂಧ್ರದ ಬೋಧಕರು ಬಂದರೆ ಪಕ್ಕದಲ್ಲಿ ಮೈಕು ಹಿಡಿದು ನಿಲ್ಲುವವನು ಅವನೇ. ಅವರು ಒಂದು ಮಾತು ಆಡಿ ನಿಲ್ಲಿಸುವರು, ಇವನು ಅದನ್ನು ಕನ್ನಡದಲ್ಲಿ ಹೇಳುವನು.

ಒಂದೇ ಕಡೆ ಕಳ್ಳಾಟ ಆಡುತ್ತಿದ್ದ. ಗಂಡಸು ಗಂಡಸನ್ನು ಪ್ರೀತಿಸುವುದು ಅಸಹ್ಯ ಎಂದು ಬೋಧಕರು ಗುಡುಗಿದರೆ, ‘ದೇವರ ಚಿತ್ತವಲ್ಲ’ ಎಂದು ಮೆತ್ತಗೆ ದಾಟಿಸಿಬಿಡುತ್ತಿದ್ದ. ಅಂಥ ಗಂಡಸು ತಾನೇ ಆಗಿರುವಾಗ, ತನ್ನ ಬಾಯಿಂದಲೇ ತನ್ನನ್ನು ಬೈದುಕೊಳ್ಳುವುದು ಹೇಗೆ?

ಹೋದ ವರ್ಷ ಹೊಸ ಪಾಸ್ಟರು ಬಂದರು. ಓದಿದವರು, ಮಾತು ಬೆಣ್ಣೆ. ಬೈಬಲ್ ಅಭ್ಯಾಸದಲ್ಲಿ ಒಮ್ಮೆ, “ಬೋಧನಿ ಬದಲಾಗಾಕ ಕಾಲ ಬೇಕು. ಆದ್ರ ನಮ್ಮ ಮಾತು ಇವತ್ತ ಬದಲಾಗಬೇಕು. ಯಾರನ್ನೂ ಅಸಹ್ಯ ಅನಬ್ಯಾಡ್ರಿ,” ಎಂದರು. ಮಾಂತೇಶನ ಕಣ್ಣು ತುಂಬಿ ಬಂತು. ಎಲ್ಲರೂ ಹೋದ ಮೇಲೆ, ಹೆತ್ತವ್ವನಿಗೂ ಹೇಳದ್ದನ್ನು ಅವರ ಮುಂದೆ ಹೇಳಿದ. ತರ್ಜುಮೆಯ ಕಳ್ಳಾಟವನ್ನೂ ಒಪ್ಪಿಕೊಂಡ. ಅವರು ತಲೆಯ ಮೇಲೆ ಕೈಯಿಟ್ಟು, “ಇದು ನನ್ನ ಎದ್ಯಾಗ ಇರ್ತೈತಿ, ತಮ್ಮಾ,” ಎಂದರು.

ಬೇಲಿಯೇ ಎದ್ದು ಹೊಲ ಮೇಯ್ದದ್ದು ಈಸ್ಟರ್ ಕಳೆದ ಮೇಲಿನ ಕೂಟದಲ್ಲಿ. ಆ ದಿನದ ಬೋಧಕರು ತೆಲುಗಿನಲ್ಲಿ ಅಬ್ಬರಿಸಿದರು: ಇದೇ ಸಭೆಯಲ್ಲಿ ಅಂಥ ಅಸಹ್ಯದವನೊಬ್ಬ ಇದ್ದಾನೆ, ನಿಮ್ಮ ಪಾಸ್ಟರೇ ಅತ್ತುಕೊಂಡು ನನಗೆ ಹೇಳಿದ್ದಾರೆ. ಅಂದವರು ಕನ್ನಡಕ್ಕಾಗಿ ಮಾಂತೇಶನ ಕಡೆ ತಿರುಗಿದರು. ಅವನೇ ಇವನೆಂದು ಅವರಿಗೆ ಗೊತ್ತಿರಲಿಲ್ಲ. ಪಾಸ್ಟರು ಹೆಸರೊಂದನ್ನು ಉಳಿಸಿದ್ದರು, ದೊಡ್ಡ ಉಪಕಾರ!

ಮಾಂತೇಶ ಮುಂದಿನ ಸಾಲಿನತ್ತ ನೋಡಿದ. ಪಾಸ್ಟರು ಯಾರಿಗೂ ಕಾಣದಂತೆ ಅಂಗೈ ಆಡಿಸಿ, ಮೆತ್ತಗೆ ದಾಟಿಸು ಎಂದು ಸನ್ನೆ ಮಾಡುತ್ತಿದ್ದರು. ನಂಬಿ ಕೊಟ್ಟ ಗುಟ್ಟನ್ನು ಬಯಲಿಗೆ ಚೆಲ್ಲಿದವರು ಅವರು, ಬಳಿಯುವ ಕೆಲಸ ತನ್ನದೇ?

ಮೈಕನ್ನು ಬಾಯಿಗೆ ಹತ್ತಿರ ತಂದ. “ಈ ಸಭಿಯೊಳಗ ಅಸಹ್ಯದಂವ ಒಬ್ಬ ಅದಾನ. ನಿಮ್ಮ ಪಾಸ್ಟರ ಅತಗೊಂತ ನನಗ ಹೇಳ್ಯಾರ.” ಒಂದಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ತನ್ನದೇ ಮಾತು ಸೇರಿಸಿದ: “ಅಂವ ನಾನ ರೀ.”

ಪಾಸ್ಟರು ಧಡಕ್ಕನೆ ಎದ್ದರು. “ನಾನು ಯಾರಿಗೂ ಏನೂ ಹೇಳಿಲ್ರಿ! ಈತನ ತರ್ಜುಮಿ ತಪ್ಪೈತಿ.”

ಮಾಂತೇಶ ಮೈಕನ್ನು ಅವರ ಕೈಗಿಟ್ಟ.

“ಇಷ್ಟು ವರ್ಷ ತಪ್ಪು ಹೇಳೀನ್ರಿ, ಪಾಸ್ಟರ. ಇವತ್ತೊಂದ ದಿನ ಸರಿ ಹೇಳೀನಿ.”