ಆರತಿಗೆ ಬಂದ ರಿಂಗು

ಮೊನ್ನೆ ಮೊಣಕಾಲು ನೋವಿಗೆಂದು ಮೊಮ್ಮಗಳು ಬಿಸಿನೀರು ತುಂಬುವ ರಬ್ಬರ್ ಚೀಲ ತಂದಳು. ಹೊಸದು, ಮೂಗಿಗೆ ಹೊಡೆಯುವ ವಾಸನೆ. ಆ ವಾಸನೆಗೆ ನಮ್ಮೂರು ಹಳೇಬೀಡಿನ ಶಾಲೆಯ ಮೇಷ್ಟರಮ್ಮ ನೆನಪಾದರು.

ಅವರು ಅರಸೀಕೆರೆಯಿಂದ ನಮ್ಮೂರಿನ ಹೆಣ್ಣುಮಕ್ಕಳ ಶಾಲೆಗೆ ಬಂದವರು. ಪಾಠ ಏನು ಹೇಳಿದರೋ ಮರೆತೆ. ಬರುವಾಗ ಒಂದು ರಬ್ಬರ್ ರಿಂಗು ತಂದಿದ್ದರು. ಎರಡು ಹೊಂಗೆಮರಕ್ಕೆ ಹಗ್ಗ ಕಟ್ಟಿ ಆಟ. ಆಚೆಯಿಂದ ಎಸೆದದ್ದನ್ನು ಈಚೆಯವರು ನೆಲಕ್ಕೆ ಬೀಳದಂತೆ ಹಿಡಿಯಬೇಕು. ನಾನು ಚೆನ್ನಾಗಿ ಹಿಡಿಯುತ್ತಿದ್ದೆ. ಬೇರೆ ಯಾವುದರಲ್ಲೂ ಮುಂದಿರಲಿಲ್ಲ.

ಅಷ್ಟರಲ್ಲಿ ಮೈನೆರೆದೆ. ಶಾಲೆ ಬಿಡಿಸಿದರು. ಆಗ ಅದೇ ಪದ್ಧತಿ, ಯಾರೂ ಕೇಳುತ್ತಿರಲಿಲ್ಲ... ಶಾಲೆ ಹೋದದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಆಟ ಹೋದದ್ದಕ್ಕೆ ಊಟ ಸೇರಲಿಲ್ಲ.

ಆರತಿಯ ದಿನ ಹೆಂಗಸರು ಚಿಗಳಿ, ತಂಬಿಟ್ಟು, ಕೊಬ್ಬರಿ ತಂದು ಮಡಿಲು ತುಂಬಿದರು. ಮೇಷ್ಟರಮ್ಮನೂ ಬಂದರು. ಕುಂಕುಮ ಇಟ್ಟು, ಮಡಿಲಿಗೆ ರಿಂಗು ಹಾಕಿದರು.

"ಇದೇನ್ರವ್ವಾ, ಆನೆಗೆ ಮಾಡ್ಸಿದ್ ಬಳೆನಾ?" ಎಂದಳು ನಮ್ಮಜ್ಜಿ. ಹೆಂಗಸರೆಲ್ಲ ನಕ್ಕರು.

"ಆಟದ್ದು ಕಣ್ರಮ್ಮ. ಸಾಯಂಕಾಲ ಒಂದಿಷ್ಟೊತ್ತು ಆಡೋಕೆ ಬಿಡಿ."

"ಬಿದ್ದು ಕೈಕಾಲು ಮುರ್ಕೊಂಡ್ರೆ ಯಾವೋನ್ ಕಟ್ಕೊಂತಾನೆ ಇವಳ್ನ?"

"ನಾಳೆ ರಾಗಿ ಹೊಲಕ್ಕೆ ಕಳೆ ಕೀಳೋಕೆ ಕಳಿಸ್ತೀರಲ್ಲ, ಅಲ್ಲಿ ಮುರಿಯಲ್ವಾ?"

ಅಜ್ಜಿ ಎಲೆಅಡಿಕೆ ಮಡಿಚಿ ಬಾಯಿಗೆ ಹಾಕಿಕೊಂಡಳು. ಆಮೇಲೆ, "ಹಿತ್ಲಾಗೆ ಆಡ್ಕೊಳ್ಳಿ. ಬೀದಿಗೆ ಕಾಣ್ಬಾರ್ದು" ಎಂದಳು.

ಶಾಲೆ ಬಿಟ್ಟ ಮೇಲೆ ಮೇಷ್ಟರಮ್ಮ ನಮ್ಮ ಹಿತ್ತಲಿಗೆ ಬರುತ್ತಿದ್ದರು. ಓಡಲು ಬರುವಂತೆ ಸೀರೆಗೆ ಕಚ್ಚೆ ಹಾಕುವುದು ಕಲಿಸಿದರು. ಜರಡಿ ಕೇಳುವ ನೆಪದಲ್ಲಿ ಪಕ್ಕದ ಮನೆಗಳ ಸೊಸೆಯರೂ ಬಂದು ಆಡಿ ಹೋಗುತ್ತಿದ್ದರು. ಕಾವಲಿಗೆಂದು ಕೂತ ಅಜ್ಜಿ, "ಕೈಗ್ ಬಂದಿದ್ನ ಬಿಟ್ಯಲ್ಲೇ, ಮುಂಡೇದೇ" ಎಂದು ಬೈಯುವ ಮಟ್ಟಕ್ಕೆ ಬಂದಳು.

ಒಂದು ವರ್ಷ ನಡೆಯಿತು. ಸೊಸೆಯರನ್ನು ಕೆಡಿಸುತ್ತಾಳೆಂದು ಊರಿನ ಗಂಡಸರು ದೂರು ಹೇಳಿ ಮೇಷ್ಟರಮ್ಮನನ್ನು ಎತ್ತಂಗಡಿ ಮಾಡಿಸಿದರು. ನನ್ನನ್ನು ಹಗರೆ ಅನ್ನೋ ಊರಿಗೆ ಮದುವೆ ಮಾಡಿ ಕೊಟ್ಟರು. ಕೈಕಾಲು ನೆಟ್ಟಗೇ ಇದ್ದವು. ಅಲ್ಲಿಯೂ ಹಿತ್ತಲಿತ್ತು, ಆಡುವವರಿರಲಿಲ್ಲ.

ನನ್ನ ಮಗಳು ಮೈನೆರೆದಾಗ ನೀರು ಹಾಕಿದ ಮರುದಿನವೇ ಶಾಲೆಗೆ ಅಟ್ಟಿದೆ. ಅತ್ತೆ ಮಾತು ಬಿಟ್ಟರು, ಬಿಡಲಿ ಅಂದುಕೊಂಡೆ. ಮೇಷ್ಟರಮ್ಮನಿಗೆ ಇದನ್ನು ತಿಳಿಸೋಣವೆಂದು ಅರಸೀಕೆರೆ ಕಡೆಯವರನ್ನು ವಿಚಾರಿಸಿದೆ. ತೀರಿಕೊಂಡು ಬಹಳ ದಿನವಾಯಿತು ಎಂದರು.

ಈಗ ಅವರ ಮುಖ ಸರಿಯಾಗಿ ನೆನಪಿಗೆ ಬರುವುದಿಲ್ಲ... ಎಸೆಯುವ ಮುಂಚೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು, ಅದೊಂದು ಕಾಣುತ್ತದೆ. ಫೋಟೋ ಇಲ್ಲ. ಆ ಹಿತ್ತಲಿನಲ್ಲಿ ಆಡಿದವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ನಾನು ಹೋದರೆ ಅದೂ ಮುಗಿಯಿತು.