ಹಿತ್ತಲ ವಾಲ್ವು ತಿರುಗಿದ ಭಾನುವಾರ

ಕೊಡಿಗೇಹಳ್ಳಿಯ ನಮ್ಮ ಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ತೊಟ್ಟಿಕ್ಕುತ್ತಿದ್ದ ಬಚ್ಚಲಿನ ನಲ್ಲಿಯನ್ನು ಬಿಗಿ ಮಾಡಲು ಹೋದ ನನ್ನ ಗಂಡ ನಲ್ಲಿಯನ್ನೇ ಕೈಯಲ್ಲಿ ಹಿಡಿದು ಹೊರಗೆ ಬಂದರು. ಅವರ ಹಿಂದೆಯೇ ನೀರೂ ಬಂತು.

ಹುಳಿಗೆ ಮೂಲಂಗಿ ಹೆಚ್ಚುತ್ತಿದ್ದ ಅತ್ತೆ ಒಂದನ್ನು ಹಾಗೇ ಹಿಡಿದು ಓಡಿಬಂದು ಪೈಪಿನ ಬಾಯಿಗೆ ತುರುಕಿದರು. ನೀರು ಬಹುಮಟ್ಟಿಗೆ ನಿಂತಿತು. ಆದರೆ ಕೈ ಬಿಟ್ಟರೆ ಮೂಲಂಗಿ ಹಾರಿ ಎದುರಿನ ಗೋಡೆಗೆ ಬಡಿಯುತ್ತಿತ್ತು. ಕೊನೆಗೆ ಸ್ಟೂಲು ತರಿಸಿಕೊಂಡು, ಮೂಲಂಗಿಯನ್ನು ಅಂಗೈಯಲ್ಲಿ ಒತ್ತಿ ಕುಳಿತರು. "ನಾನ್ ಹಿಡ್ಕೊಂಡಿರ್ತೀನಿ. ನೀವಿಬ್ರೂ ಹೋಗಿ ಹಿತ್ಲಲ್ಲಿರೋ ವಾಲ್ವ್ ಬಂದ್ ಮಾಡಿ."

ಆ ವಾಲ್ವು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿತ್ತು. ನಾನು ಮದುವೆಯಾಗಿ ಬಂದಾಗಿನಿಂದ ಅದನ್ನು ಯಾರೂ ಮುಟ್ಟಿದ್ದು ಕಂಡಿಲ್ಲ. ಗೋಡೆಗೆ ಬಣ್ಣ ಹೊಡೆದಾಗಲೆಲ್ಲ ಅದಕ್ಕೂ ಹೊಡೆದು, ಚಕ್ರದ ಸಂದುಗಳೆಲ್ಲ ಮುಚ್ಚಿ, ಅದು ಹಸಿರು ಬನ್ನಿನಂತಾಗಿತ್ತು. ಗಂಡ ಎರಡೂ ಕೈ ಹಾಕಿ ತಿರುಗಿಸಿದರು. ವಾಲ್ವಿನ ಬದಲು ಅವರೇ ತಿರುಗಿದರು. ಪ್ಲಂಬರಿಗೆ ಫೋನ್ ಮಾಡಿದರೆ, ಆತ ಕೋಗಿಲಿನಲ್ಲಿ ಯಾರದೋ ನಾಮಕರಣದಲ್ಲಿದ್ದ. ಓಲಗದ ನಡುವೆ, "ಸಾಯಂಕಾಲ ಬರ್ತೀನಿ ಸಾರ್, ಜೋರ್ ಮಾಡ್ಬೇಡಿ" ಎಂದಷ್ಟು ಕೇಳಿಸಿತು.

"ಎಣ್ಣೆ ಬಿಡ್ರೋ!" ಬಚ್ಚಲಿನ ಗವಾಕ್ಷಿಯಿಂದ ಅತ್ತೆಯ ದನಿ. ಕೊಬ್ಬರಿ ಎಣ್ಣೆ ಬಿಟ್ಟೆವು. ಬಿಸಿನೀರು ಹುಯ್ದೆವು. ನಾನು ಚಾಕುವಿನಿಂದ ಬಣ್ಣ ಕೆರೆದೆ, ಕುಟ್ಟಾಣಿಯಿಂದ ಮೆಲ್ಲಗೆ ತಟ್ಟಿದೆ. ಗಂಡ ಹಸುಗೂಸಿಗೆ ಹಚ್ಚುವಂತೆ ಇನ್ನಷ್ಟು ಎಣ್ಣೆ ಹಚ್ಚಿದರು.

"ಬೇಗ ಕಣೋ, ಮೂಲಂಗಿ ಮೆತ್ತಗಾಗ್ತೈತೆ!"

ಚಕ್ರಕ್ಕೆ ಒದ್ದೆ ಟವೆಲು ಸುತ್ತಿ, ಇಬ್ಬರೂ ಹಿಡಿದು, ಸ್ವಲ್ಪ ಆ ಕಡೆ ಸ್ವಲ್ಪ ಈ ಕಡೆ ಎಂದು ಅಲುಗಾಡಿಸಿದೆವು. ಕಿರ್ರೆಂದಿತು. ಕೂದಲೆಳೆಯಷ್ಟು ತಿರುಗಿತು, ಆಮೇಲೆ ಕಾಲು ಸುತ್ತು, ಆಮೇಲೆ ಪೂರ್ತಿ. ನಾನೂ ಗಂಡನೂ ಕೈ ಕುಲುಕಿದೆವು. ಮದುವೆಯಾದ ಮೇಲೆ ನಾವು ಕೈ ಕುಲುಕಿದ್ದು ಅದೇ ಮೊದಲು.

"ನಿಂತ್ತಾ ಅಮ್ಮಾ?"

"ಏನ್ ನಿಲ್ಲೋದು? ಬರ್ತಾನೇ ಐತೆ!"

ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಆಚೆಯಿಂದ ಚೀರಾಟ ಕೇಳಿಸಿತು. "ಅಯ್ಯಯ್ಯೋ, ನೀರು ನಿಂತೋಯ್ತಲ್ಲಪ್ಪೋ!"

ಆಚೆಯದು ನನ್ನ ಗಂಡನ ಚಿಕ್ಕಮ್ಮನ, ಅಂದರೆ ನನ್ನ ಚಿಕ್ಕತ್ತೆಯ ಮನೆ. ಹಿಂದೆ ಎರಡೂ ಒಂದೇ ಮನೆಯಾಗಿತ್ತು. ಮಾವನೂ ಅವರ ತಮ್ಮನೂ ಪಾಲಾದಾಗ ನಡುವೆ ಗೋಡೆ ಎದ್ದಿತು, ನೆಲದಡಿಯ ಪೈಪುಗಳು ಮಾತ್ರ ಪಾಲಾಗದೆ ಉಳಿದಿದ್ದವು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಚಿಕ್ಕತ್ತೆ ಮಗಳ ಗೃಹಪ್ರವೇಶಕ್ಕೆ ನಮ್ಮನ್ನು ವಾಟ್ಸಾಪಿನಲ್ಲಿ ಕರೆದಿದ್ದರು. ಆ ಸಿಟ್ಟಿಗೆ ಅತ್ತೆ ಅವರೊಂದಿಗೆ ಮಾತು ಬಿಟ್ಟಿದ್ದರು.

ಗೋಡೆಯ ಮೇಲೆ ಚಿಕ್ಕತ್ತೆಯ ತಲೆ ಕಾಣಿಸಿತು, ಶಾಂಪೂ ನೊರೆಯಿಂದ ಬೆಳ್ಳಗೆ, ಕಣ್ಣು ಮುಚ್ಚಿಕೊಂಡು. "ಏನ್ಲಾ ಮಾಡ್ದೆ?"

"ನಮ್ ವಾಲ್ವ್ ಬಂದ್ ಮಾಡ್ದೆ ಚಿಕ್ಕಮ್ಮ."

"ಅದೆಂಗ್ಲಾ ನಿಮ್ದಾಯ್ತದೆ? ನಿಂತಿರೋದು ನಮ್ ನೀರು!"

ಗಂಡ ಗಾಬರಿಯಿಂದ ತಿರುಗಿ ತೆರೆಯಲು ಹೋದರು. ವಾಲ್ವು ಬಂದ್ ಆದಲ್ಲೇ ಕಚ್ಚಿಕೊಂಡಿತ್ತು.

"ಯಾರೋ ಅದು?" ಗವಾಕ್ಷಿ ಕೇಳಿತು, ಗೊತ್ತಿದ್ದೂ.

"ನಾನೇ ಕಣಕ್ಕಾ."

"ಕುಂಕುಮ ಕೊಟ್ಟು ಕರೆಯಕ್ಕೆ ಪುರುಸೊತ್ತಿರ್ಲಿಲ್ಲ, ಈಗ ಬಂದ್ಯಾ?"

"ಅದನ್ನ ಆಮೇಕೆ ಮಾತಾಡಾನ. ಕಣ್ಣು ಉರೀತದೆ!"

ನನಗೆ ಏನೋ ಹೊಳೆಯಿತು. "ಚಿಕ್ಕತ್ತೆ, ನಿಮ್ಮನೇಲೂ ಇಂಥದ್ದೊಂದು ವಾಲ್ವ್ ಇದ್ಯಾ?"

"ಐತೆ, ತುಳಸಿಕಟ್ಟೆ ಇಂದೆ. ಅದರಿಂದ ಏನೂ ಆಗಲ್ಲ ಕಣಮ್ಮ. ತುಕ್ಕು ಇಡೀಬಾರ್ದು ಅಂತ ಆಗಾಗ ಸುಮ್ನೆ ತಿರುಗಿಸಿ ಬಿಡ್ತೀನಿ."

ನಾನೂ ಗಂಡನೂ ಮುಖ ಮುಖ ನೋಡಿಕೊಂಡೆವು. ನಮ್ಮ ನಲ್ಲಿಗಳು ಆಗಾಗ ಇದ್ದಕ್ಕಿದ್ದಂತೆ ಒಣಗಿದಾಗ ಪೈಪಿನಲ್ಲಿ ಗಾಳಿ ಸೇರಿದೆ ಎಂದುಕೊಂಡು, ಇವರು ಟೆರೇಸಿಗೆ ಹತ್ತಿ ಟ್ಯಾಂಕಿನ ಪೈಪು ಊದಿ ಬರುತ್ತಿದ್ದರು. ಇಳಿದು ಬರುವಷ್ಟರಲ್ಲಿ ನೀರು ಬಂದಿರುತ್ತಿತ್ತು. ತಾವು ಊದಿದ್ದರಿಂದಲೇ ಬಂತೆಂದು ಅವರಿಗೆ ಹೆಮ್ಮೆಯಿತ್ತು.

ಚಿಕ್ಕತ್ತೆ ತಡವರಿಸಿಕೊಂಡು ಹೋಗಿ ಎರಡು ಬೆರಳಲ್ಲಿ ಅದನ್ನು ತಿರುಗಿಸಿದರು. ನಮ್ಮ ಬಚ್ಚಲಿನ ನೀರು ನಿಂತಿತು. ಈಗ ಎರಡೂ ಮನೆಗಳಲ್ಲಿ ನೀರಿಲ್ಲ, ಒಂದು ತಲೆಯ ತುಂಬ ನೊರೆ.

ಅತ್ತೆ ಒದ್ದೆ ಸೀರೆಯಲ್ಲೇ ಹೊರಬಂದು, ಕುಡಿಯುವ ನೀರಿನ ಕ್ಯಾನನ್ನು ಒಗೆಯುವ ಕಲ್ಲಿನ ಬಳಿ ತರಿಸಿದರು. ಚಿಕ್ಕತ್ತೆ ಗೇಟಿನಿಂದ ಸುತ್ತಿಬಂದು ಕಲ್ಲಿನ ಮೇಲೆ ಕುಳಿತರು.

"ಬಂದು ಕರೀಬೇಕಿತ್ತು ನೀನು. ತಲೆ ಬಗ್ಸು."

"ಫೋಟೋ ಆಕಿದ್ನಲ್ಲಕ್ಕಾ, ಕಾರ್ಡಿಂದು."

"ಫೋಟೋಗೆ ಯಾರಾದ್ರೂ ಊಟಕ್ಕೆ ಬರ್ತಾರಾ? ಇನ್ನೂ ಬಗ್ಸು."

ಕ್ಯಾನು ಖಾಲಿಯಾಯಿತು, ಜಗಳ ಮುಗಿಯಲಿಲ್ಲ. ತಲೆ ಒರೆಸುವಾಗಲೂ ಮುಂದುವರಿಯಿತು. ಮಧ್ಯಾಹ್ನ ನಮ್ಮಲ್ಲೇ ಊಟ ಮಾಡುವಾಗಲೂ ನಡೆದಿತ್ತು.

ಸಂಜೆ ಪ್ಲಂಬರ್ ಬಂದು ನಮ್ಮ ನಲ್ಲಿ ಸರಿಮಾಡಿದ, ವಾಲ್ವನ್ನು ಕಿತ್ತು ಹೊಸದು ಹಾಕಿದ. ಲೈನುಗಳನ್ನು ಅದಲುಬದಲು ಮಾಡಲು ಎರಡೂ ಅಡುಗೆಮನೆಗಳ ನೆಲ ಅಗೆಯಬೇಕೆಂದ. ಇಬ್ಬರು ಹೆಂಗಸರೂ ಒಂದೇ ದನಿಯಲ್ಲಿ ಬೇಡವೆಂದರು.

ಕಳೆದ ತಿಂಗಳು ಚಿಕ್ಕತ್ತೆ ಮನೆಗೆ ಬೀಗ ಹಾಕಿ ತಿರುಪತಿಗೆ ಹೋಗಿದ್ದಾಗ ನಮ್ಮ ಸಿಂಕಿನ ಪೈಪು ಒಡೆಯಿತು. ನನ್ನ ಗಂಡ ಪಂಚೆ ಎತ್ತಿ ಕಟ್ಟಿ ಕಾಂಪೌಂಡ್ ಗೋಡೆ ಹಾರಿದರು. ಎದುರುಮನೆಗೆ ಹೊಸದಾಗಿ ಬಂದವರು ಕಳ್ಳ, ಕಳ್ಳ ಎಂದು ಕೂಗಿಕೊಂಡರು. ಅತ್ತೆ ಗೇಟಿನ ಬಳಿ ಹೋಗಿ ಅವರಿಗೆ ಸಮಾಧಾನ ಹೇಳಿದರು.

"ಕಳ್ಳ ಅಲ್ಲ ಕಣ್ರೀ, ನನ್ ಮಗ. ನಮ್ಮನೆ ನೀರ್ ನಿಲ್ಸಕ್ಕೆ ಹೋಗವ್ನೆ."