ನನ್ನ ಗಂಡನ ಹೆಸರು ಕೂಗಿದವಳು

ನನ್ನ ಗಂಡನನ್ನು ಹೆಸರು ಹಿಡಿದು ಬಾಯಿತುಂಬ ಕೂಗುತ್ತಿದ್ದ ಹೆಂಗಸು ಕೇರಳದ ಗಡಿಯೊಳಗಿನ ನಮ್ಮ ಬೇಗೂರಿನಲ್ಲಿ ಒಬ್ಬಳೇ, ಪಕ್ಕದ ಮನೆಯ ಮಾದಮ್ಮ. ಗದ್ದೆಯ ಆಚೆಯಿಂದ ಅವಳು ಕೂಗಿದರೆ ನಮ್ಮ ನಾಯಿಯೂ ಎದ್ದು ನಿಲ್ಲುತ್ತಿತ್ತು, ಇವರೂ ಎದ್ದು ನಿಲ್ಲುತ್ತಿದ್ದರು. ಚಿಕ್ಕಂದಿನಲ್ಲಿ ಇಬ್ಬರೂ ಕಾಡಂಚಿನಲ್ಲಿ ಒಟ್ಟಿಗೆ ದನ ಮೇಯಿಸಿದವರಂತೆ. ನಾನು ಮದುವೆಯಾಗಿ ಬಂದದ್ದು ವಯನಾಡು ಹೊಸ ಜಿಲ್ಲೆಯಾದ ಮೇಲೆ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ. ಮಾದಮ್ಮನೂ ತನ್ನ ಗಂಡನನ್ನು ‘ನಮ್ಮನೆಯವ’ ಎಂದಷ್ಟೇ ಅನ್ನುತ್ತಿದ್ದಳು. ನನ್ನವರ ಹೆಸರು ಮಾತ್ರ ಎಲೆಯಡಿಕೆಯ ಹಾಗೆ ಸದಾ ಅವಳ ಬಾಯಲ್ಲಿ.

“ಅವನ ಹೆಸರಿಗೆ ನೀ ಯಾಕಕ್ಕ ಮುಖ ಊದಿಸ್ತೀ? ಅದು ನೀ ಬರೋಕೆ ಮುಂಚೇನೇ ಇತ್ತಲ್ಲ” ಅನ್ನುತ್ತಿದ್ದಳು.

ಇವರನ್ನು ಅಣ್ಣ ಅಂದುಕೊಂಡಿದ್ದರೆ ನನ್ನನ್ನು ಅತ್ತಿಗೆ ಅನ್ನಬೇಕಿತ್ತು. ಅಕ್ಕ ಅನ್ನುತ್ತಿದ್ದಳು. ಸವತಿಯರು ಹಾಗೆ ಕರೆಯುತ್ತಾರೆ. ಚೆಲುವೆಯೇನಲ್ಲ, ಹಲ್ಲು ಮುಂದೆ, ಹಿಮ್ಮಡಿಯೆಲ್ಲ ಬಿರುಕು. ಆದರೆ ಮಲಯಾಳ ನೀರಿನ ಹಾಗೆ ಬರುತ್ತಿತ್ತು, ಕಚೇರಿಗೆ ಹೋಗುವವರೆಲ್ಲ ಅವಳನ್ನೇ ಕರೆದೊಯ್ಯುತ್ತಿದ್ದರು.

ಇವರು ತೀರಿಕೊಂಡಾಗ ನಾನೂ ಅವಳ ಜೊತೆಯಲ್ಲೇ ಪಂಚಾಯತಿಗೆ ಹೋದೆ. ಆಗ ಹುಟ್ಟು ಸಾವೆಲ್ಲ ಕಂಪ್ಯೂಟರಿಗೆ ಏರಿತ್ತು. ಅದರ ಸರ್ಟಿಫಿಕೇಟ್ ಇಲ್ಲದೆ ವಿಧವಾ ಪೆನ್ಷನ್ ಇಲ್ಲ. ಕೌಂಟರಿನ ಹುಡುಗಿ “ಪೇರೆಂದಾ ಅಮ್ಮೇ?” ಎಂದು ಸತ್ತವರ ಹೆಸರು ಕೇಳಿದಳು. ನಾನು ಸೆರಗು ಬಾಯಿಗಿಟ್ಟೆ. ಮಾದಮ್ಮ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಎಲ್ಲ ತಾನೇ ಹೇಳಿದಳು, ಇವರ ಹೆಸರು, ಮಾವನ ಹೆಸರು, ಕೊನೆಗೆ ಹುಡುಗಿ ಕೇಳಿದಳೆಂದು ತನ್ನ ಹೆಸರು. ಹೇಳುತ್ತ ಹೇಳುತ್ತ ಅತ್ತಳು. ನಾನು ಅಳಲಿಲ್ಲ.

ಪೆನ್ಷನ್ನಿಗೆ ಕೊಟ್ಟಾಗ ಗುಮಾಸ್ತ ಕಾಗದ ಓದಿ ಹಿಂದಕ್ಕೆ ತಳ್ಳಿದ. ಹೆಂಡತಿ ಎಂಬಲ್ಲಿ ಮಾದಮ್ಮ ಎಂದಿತ್ತು. ಅತ್ತವಳೇ ಹೆಂಡತಿ ಎಂದುಕೊಂಡಿದ್ದಳಂತೆ ಆ ಹುಡುಗಿ.

ಮಾದಮ್ಮ ನಕ್ಕಳು. “ಹೋಗ್ಲಿ ಬಿಡಕ್ಕ. ನಾಕು ದಿನ ನಾನೂ ಅವನ ಹೆಂಡ್ತಿ ಆಗಿದ್ದೆ. ನಿನ್ನ ಪಾತ್ರೆ ಪಗಡ ಏನೂ ಹೊತ್ಕೊಂಡು ಹೋಗಿಲ್ವಲ್ಲ.”

ತಿದ್ದಿಸಲು ಒಬ್ಬಳೇ ಹೋದೆ. ಸತ್ತವರಿಗೆ ಇನ್ನು ಯಾವ ಆಯಸ್ಸು. ಹೆಸರು ಹೇಳಿದೆ. ಹುಡುಗಿ ಕೇಳಿಸಲಿಲ್ಲ ಅಂದಳು. ಗದ್ದೆಯ ಆಚೆಯಿಂದ ಮಾದಮ್ಮ ಕೂಗುವ ಹಾಗೆ ಕೂಗಿದೆ. ಇದ್ದವರೆಲ್ಲ ತಿರುಗಿ ನೋಡಿದರು.

ಹೊಸ ಕಾಗದ ಬಂದ ಸಂಜೆ ಅವಳು ನಮ್ಮ ಅಡಿಗೆಮನೆಗೆ ಬಂದಳು.

“ಆ ತಪ್ಪು ಕಾಗದ ನಂಗೆ ಕೊಡಕ್ಕ.”

“ನಿಂಗ್ಯಾಕೆ?”

“ಇರ್ಲಿ ಅಂತ.”

ಅವಳ ಎದುರಿಗೇ ಒಲೆಗೆ ಹಾಕಿದೆ. ಅದು ಪೂರ್ತಿ ಉರಿಯುವವರೆಗೂ ನೋಡಿದಳು. “ಸುಡು. ಆ ಕಂಪ್ಯೂಟರು ನಿನ್ನ ಒಲೆಗೆ ಹಿಡಿಸಲ್ಲ” ಅಂದು ಎದ್ದು ಹೋದಳು. ಮತ್ತೆ ನಮ್ಮ ಅಂಗಳಕ್ಕೆ ಬರಲಿಲ್ಲ. ಮುಂದಿನ ಮಳೆಯಲ್ಲಿ ಜ್ವರ ಹತ್ತಿ ಮಾನಂದವಾಡಿ ಆಸ್ಪತ್ರೆಯಲ್ಲಿ ಸತ್ತಳು.

ಅವಳ ಸಾವು ಬರೆಸಲು ಅವಳ ಮಗ ಹೋದಾಗ ನಾನೂ ಹೋದೆ. ನನ್ನದು ಬೇರೆ ಕೆಲಸ. ಆ ಹಳೆಯ ತಪ್ಪು ಅಳಿಸಿಹೋಯಿತೇ ಎಂದು ಹುಡುಗಿಯನ್ನು ಕೇಳಿದೆ. ಅಳಿಸಲು ಆಗುವುದಿಲ್ಲವಂತೆ. ತಿದ್ದಿದ್ದು ಮೇಲೆ ಕಾಣುತ್ತದೆ, ಮೊದಲು ಬರೆದದ್ದು ಒಳಗೆ ಹಾಗೆಯೇ ಇರುತ್ತದೆ, ಯಾರೂ ನೋಡುವುದಿಲ್ಲ ಅಂದಳು.

ಯಾರೂ ನೋಡದಿದ್ದರೇನು. ಅವರಿಬ್ಬರೂ ಅದರೊಳಗೆ ಗಂಡ ಹೆಂಡತಿಯಾಗಿ ಇದ್ದಾರೆ. ನಾನು ಹೊರಗೆ ಪೆನ್ಷನ್ ತೆಗೆದುಕೊಳ್ಳುತ್ತಿದ್ದೇನೆ.